ಮನೆ ತೋರಿಸುವ ಕೆಲಸ

ಸೋಲಾಪುರ,
೧೧ ಮಾರ್ಚ್ ೨೦೨೫, ಮಂಗಳವಾರ

ಶ್ರೀಲೇಖಾಳ ಅಪ್ಪನವರಿಗೆ ಮಂದಾಕಿನಿಯ ನಮಸ್ಕಾರಗಳು.

ಮದುವೆಯಾದಂದಿನಿಂದ ನಿಮ್ಮ ಹೆಸರು ಹಿಡಿದು ಕರೆದವಳಲ್ಲ ನಾನು. ಶ್ರೀ ಹುಟ್ಟುವ ತನಕ ‘ಏನ್ರೀ’ ಎನ್ನುತ್ತಿದ್ದೆ, ಹುಟ್ಟಿದ ಮೇಲೆ ನೀವು ‘ಶ್ರೀಲೇಖಾನ ಅಪ್ಪಾ’ ಆದಿರಿ. ಈಗ ಕಾಗದ ಬರೆಯಲು ಕೂತಾಗ ಬೇರೆ ಯಾವ ರೀತಿ ಕರೆಯಬೇಕೆಂದು ಹೊಳೆಯಲಿಲ್ಲ. ಅವಳಿಲ್ಲದಿದ್ದರೂ ನೀವು ಅವಳ ಅಪ್ಪನೇ ಅಲ್ಲವೇ.

ನಿಮ್ಮ ಮೊಣಕಾಲಿನ ನೋವು ಹೇಗಿದೆ? ನಿಮ್ಮ ಗೆಳೆಯರು ಗುರುಸಿದ್ಧಪ್ಪನವರು ಹೋದ ವಾರ ಇಲ್ಲಿಯ ಕಣ್ಣಿನ ದವಾಖಾನೆಗೆ ಬಂದವರು ಮನೆಗೂ ಬಂದು ಹೋದರು. ನೀವು ದಿನವೂ ಅನ್ನಛತ್ರದಲ್ಲಿ ತಾಟು ತೊಳೆಯುವ ಸೇವೆಗೆ ನಿಲ್ಲುತ್ತೀರಿ, ಮಧ್ಯಾಹ್ನ ಅಲ್ಲಿಯೇ ಉಣ್ಣುತ್ತೀರಿ, ಸಂಜೆ ಅವರ ಮನೆಯ ಮಾಳಿಗೆಯ ಕೋಣೆಗೆ ಬಂದು ಕದ ಹಾಕಿಕೊಳ್ಳುತ್ತೀರಿ, ಯಾರೊಡನೆಯೂ ಹೆಚ್ಚು ಮಾತಿಲ್ಲ ಎಂದರು. ಸೇವೆ ಬಿಡಿ ಎಂದು ನಾನು ಹೇಳುವುದಿಲ್ಲ. ಒದ್ದೆ ಫರಸಿಯ ಮೇಲೆ ಬರಿಗಾಲಲ್ಲಿ ಬಹಳ ಹೊತ್ತು ನಿಲ್ಲಬೇಡಿ. ಬಿ.ಪಿ. ಗುಳಿಗೆ ತಪ್ಪಿಸಬೇಡಿ. ನೀವು ಫೋನು ಬಂದ್ ಇಟ್ಟಿರುವುದರಿಂದ ಇಷ್ಟನ್ನೂ ಬರೆದೇ ಹೇಳಬೇಕಾಗಿದೆ. ಗುರುಸಿದ್ಧಪ್ಪನವರು ನಾಳೆ ಮತ್ತೆ ದವಾಖಾನೆಗೆ ಬರುತ್ತಾರಂತೆ. ಅವರ ಕೈಯಲ್ಲಿ ಈ ಕಾಗದದ ಜೊತೆ ಶೇಂಗಾ ಚಟ್ನಿ, ಸ್ವಲ್ಪ ಕಡಕ್ ಭಕ್ಕರಿ ಕಳಿಸುತ್ತೇನೆ. ಚಟ್ನಿಗೆ ಖಾರ ಕಡಿಮೆ ಹಾಕಿದ್ದೇನೆ, ಹೊಟ್ಟೆ ಉರಿದೀತೆಂದು ಹೆದರದೆ ತಿನ್ನಿ. ನಾನು ಇದ್ದ ಹಾಗೇ ಇದ್ದೇನೆ.

ಶ್ರೀಯ ವರ್ಷಾಂತಿಕ ಮುಗಿದ ಮೇಲೆ ನೀವು ಎಂಟು ದಿನ ಸ್ವಾಮಿಗಳ ಸನ್ನಿಧಿಯಲ್ಲಿ ಇದ್ದು ಬರುತ್ತೇನೆಂದು ಅಕ್ಕಲಕೋಟೆಗೆ ಹೋದಿರಿ. ವರ್ಷ ದಾಟಿತು. ಸೋಲಾಪುರ ಅಲ್ಲಿಂದ ಬಸ್ಸಿನಲ್ಲಿ ಒಂದು ತಾಸಿನ ಹಾದಿ ಎಂದು ನಾನು ಯಾರಿಗೆ ಹೇಳಲಿ. ಈ ಮನೆಯಲ್ಲಿ ಒಬ್ಬಳೇ ಇರಲಾರೆ, ಮಾರಿಬಿಡುತ್ತೇನೆ ಎಂದು ಗುರುಸಿದ್ಧಪ್ಪನವರ ಹತ್ತಿರ ಹೇಳಿ ಕಳಿಸಿದಾಗ ‘ನಿನಗ ತಿಳದಂಗ ಮಾಡು’ ಎಂದು ನೀವು ಹೇಳಿ ಕಳಿಸಿದಿರಿ. ನನಗೆ ತಿಳಿದಂತೆ ಮಾಡಿದ್ದೇನೆ. ಏನೇನಾಯಿತು ಎಂಬುದನ್ನು ನೀವು ನನ್ನ ಬಾಯಿಂದಲೇ ಕೇಳಬೇಕು. ನನ್ನ ತಮ್ಮ ಪ್ರಸಾದನೋ ಗುರುಸಿದ್ಧಪ್ಪನವರೋ ಹೇಳಿದರೆ ಅದು ಬರೀ ವ್ಯವಹಾರ ಆಗಿಬಿಡುತ್ತದೆ.

ಆ ಬಚ್ಚಲಲ್ಲಿ ನಾನು ಇಂದಿಗೂ ಸ್ನಾನ ಮಾಡುವುದಿಲ್ಲ. ಹಿತ್ತಲಲ್ಲಿ ಪಾತ್ರೆ ತೊಳೆಯುವ ಕಟ್ಟೆಗೆ ಹಳೆಯ ಸೀರೆ ಅಡ್ಡ ಕಟ್ಟಿಕೊಂಡು ಬೆಳಕು ಹರಿಯುವ ಮೊದಲೇ ಎರಡು ತಂಬಿಗೆ ಹೊಯ್ದುಕೊಳ್ಳುತ್ತೇನೆ. ಪಕ್ಕದ ಮನೆಯ ಉಜ್ವಲಾಗೆ ಇದು ಗೊತ್ತಿದೆ. ಒಂದು ದಿನ ಅವಳೇ ಒಬ್ಬ ಏಜಂಟನನ್ನು ಕರೆದುಕೊಂಡು ಬಂದಳು. ಒಳ್ಳೆಯ ಮಾತಿನ ಮನುಷ್ಯ, ಮನೆಯನ್ನೆಲ್ಲ ನೋಡಿದ, ಜುಳೆ ಸೋಲಾಪುರದಂಥ ಬಡಾವಣೆಯಲ್ಲಿ ಇಂಥ ಮನೆಗೆ ಹದಿನೈದು ದಿನದಲ್ಲಿ ಗಿರಾಕಿ ತರುತ್ತೇನೆ ಎಂದ. ಆಮೇಲೆ ದನಿ ಇಳಿಸಿ ಹೇಳಿದ. ‘ಮ್ಯಾಡಮ್, ಒಂದ ಮಾತು. ಬಚ್ಚಲದ ಫರಸಿ ಒಡದು ಹೊಸಾ ಟಾಯಿಲ್ಸ್ ಹಾಕಸ್ರಿ. ಯಾರರೆ ಕೇಳಿದ್ರ ಮಗಳು ದವಾಖಾನ್ಯಾಗ ಹೋದ್ಲು ಅನ್ರಿ. ಹಾರ್ಟ್ ಪ್ರಾಬ್ಲೆಮ್ ಇತ್ತು ಅನ್ರಿ. ಉಳದದ್ದು ನಾ ಸಂಭಾಳಸ್ತೀನಿ.’ ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನ ಕಸುಬು ಅದು. ಆದರೆ ಆ ರಾತ್ರಿ ಅವನು ಹೇಳಿದ ಮಾತನ್ನು ಒಮ್ಮೆ ಬಾಯಲ್ಲಿ ಆಡಿ ನೋಡಿದೆ. ನಮ್ಮ ಮಗಳು ದವಾಖಾನೆಯಲ್ಲಿ ಹೋದಳು ಎಂದು. ನನ್ನ ಬಾಯಿಂದ ಅದು ಪೂರ್ತಿ ಹೊರಡಲಿಲ್ಲ. ಅವಳು ಹುಟ್ಟಿದ ಮೇಲೆ ಬಂದದ್ದು ಈ ಮನೆಗೆ, ಹೋದದ್ದೂ ಈ ಮನೆಯಿಂದ. ಅದನ್ನೂ ಬದಲಿಸಿ ಹೇಳಿದರೆ ನನ್ನ ಹತ್ತಿರ ಅವಳದೇನು ಉಳಿಯುತ್ತದೆ. ಮರುದಿನ ಏಜಂಟನಿಗೆ ಬೇಡವೆಂದು ಹೇಳಿದೆ. ನನ್ನ ಮನೆಯನ್ನು ನಾನೇ ಮಾರುತ್ತೇನೆ ಎಂದೆ.

ಪ್ರಸಾದ ಕೋರ್ಟಿನ ಕೆಲಸ ಮುಗಿಸಿ ಬಂದವನು ಬಹಳ ಬೇಜಾರು ಮಾಡಿಕೊಂಡ. ‘ಅಕ್ಕಾ, ಈ ಸೋಲಾಪುರದಾಗ ಏಜಂಟ ಇಲ್ದ ಕೋಳಿಗೂಡ ಸುದ್ದಾ ಮಾರಂಗಿಲ್ಲ. ಭಾವನವರು ಇಲ್ಲ, ನೀ ಒಬ್ಬಾಕಿ ಹೆಣಮಗಳು ಕುಂತು ಯಾರ ಜೋಡಿ ವ್ಯವಹಾರ ಮಾಡ್ತಿ’ ಎಂದ. ಆದರೂ ತಮ್ಮನಲ್ಲವೇ, ಕಾಗದಪತ್ರಗಳನ್ನೆಲ್ಲ ತಾನೇ ಓಡಾಡಿ ಕೂಡಿಸಿಕೊಟ್ಟ. ಉಜ್ವಲಾ ತನ್ನ ಫೋನಿನಲ್ಲಿ ಫೋಟೋ ತೆಗೆದು ಅಲ್ಲಿ ಇಲ್ಲಿ ಹಾಕಿದಳು. ಗೇಟಿಗೆ ಕಟ್ಟುವ ಪಾಟಿ ಮಾತ್ರ ನಾನೇ ಬರೆದೆ. ಮೇಲೆ ಮರಾಠಿಯಲ್ಲಿ, ಕೆಳಗೆ ಕನ್ನಡದಲ್ಲಿ. ‘ಈ ಮನೆ ಮಾರುವುದಿದೆ. ಮಾಲಕರನ್ನೇ ಕಾಣಿರಿ’ ಎಂದು. ಸಾಲೆಯಲ್ಲಿ ಇಷ್ಟು ವರ್ಷ ಮಕ್ಕಳಿಗೆ ದುಂಡಗೆ ಬರೆಯಲು ಕಲಿಸಿದವಳು, ಬಣ್ಣ ಸೋರಿದ್ದಕ್ಕೆ ಆ ಐದು ಶಬ್ದಗಳನ್ನು ಒರೆಸಿ ಎರಡು ಸಲ ಬರೆದೆ. ಕನ್ನಡ ಯಾರು ಓದುತ್ತಾರೆ ಎಂದು ಉಜ್ವಲಾ ಕೇಳಿದಳು. ನಮ್ಮ ಶ್ರೀಗೇ ಓದಲು ಬರುತ್ತಿರಲಿಲ್ಲ, ನೀವು ಹಾಸ್ಯ ಮಾಡುತ್ತಿದ್ದಿರಿ, ಕನ್ನಡ ಟೀಚರ ಮಗಳು ಮರಾಠಿ ಪಂಡಿತಳು ಎಂದು.

ಮೊದಲ ವಾರ ಬಂದ ಫೋನುಗಳಲ್ಲಿ ಹೆಚ್ಚಿನವು ಏಜಂಟರವೇ. ಗಿರಾಕಿಗಳ ಹಾಗೆ ಮಾತಾಡಿ, ಕೊನೆಗೆ ನಮಗೇ ಕೊಡಿ ಎನ್ನುವವರು. ಆಮೇಲೆ ನಿಜವಾದ ಗಿರಾಕಿಗಳು ಬರತೊಡಗಿದರು. ಮನೆ ತೋರಿಸುವುದು ಎಂಥ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಅವರು ಬರುವ ಮುಂಚೆ ಕಸ ಗುಡಿಸಿ ಒರೆಸಬೇಕು, ದೀಪಗಳನ್ನೆಲ್ಲ ಹಚ್ಚಬೇಕು, ಸ್ವಂತ ಮನೆಯ ಕೋಣೆಗಳ ಕದವನ್ನು ಪರವೂರಿನವಳ ಹಾಗೆ ಒಂದೊಂದಾಗಿ ತೆಗೆದು ನಿಲ್ಲಬೇಕು. ಅವರು ಗೋಡೆಗೆ ಗುದ್ದಿ ನೋಡುತ್ತಾರೆ. ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಒಬ್ಬ ವಾಸ್ತು ನೋಡುವವನು ದಿಕ್ಸೂಚಿ ಹಿಡಿದು ದೇವರ ಮುಂದೆಯೇ ಚಪ್ಪಲಿ ಕಾಲಲ್ಲಿ ತಿರುಗಾಡಿದ. ಗಂಡಸರಾದರೆ ಒಳಗೆ ಕೂತ ಕೂಡಲೇ ‘ಮಾಲಕರು ಎಲ್ಲಿ ಅದಾರ್ರಿ’ ಎನ್ನುತ್ತಾರೆ. ಮನೆ ನಮ್ಮಿಬ್ಬರ ಹೆಸರಿನಲ್ಲಿದೆ, ನಾನೂ ಮಾಲಕಳೇ ಎಂದರೆ ನಕ್ಕು ಮತ್ತೆ ಅದನ್ನೇ ಕೇಳುತ್ತಾರೆ. ಅವರು ಅಕ್ಕಲಕೋಟೆಯಲ್ಲಿ ಸೇವೆಗೆ ಇದ್ದಾರೆ, ಸಹಿಗೆ ಬರುತ್ತಾರೆ ಎನ್ನುತ್ತೇನೆ.

ಎಲ್ಲ ತೋರಿಸಿದ ಮೇಲೆ ಬಚ್ಚಲಮನೆಯ ಕದದ ಹತ್ತಿರ ನಿಂತು ನಾನು ಹೇಳಬೇಕಾದದ್ದನ್ನು ಹೇಳುತ್ತಿದ್ದೆ. ‘ಇಲ್ಲೆ ನಮ್ಮ ಮಗಳು ತೀರಿಕೊಂಡ್ಳು. ಒಳಗ ಗ್ಯಾಸ್ ಗೀಜರ ಇತ್ತು. ಚಳಿ ದಿನಾ, ಬೆಳಕಿಂಡಿ ಮುಚ್ಚಿತ್ತು. ಗಾಳಿ ಕೆಟ್ಟು ಎಚ್ಚರ ತಪ್ಪಿ ಬಿದ್ಲು. ಗೀಜರ ತಗಸೀವಿ. ಇದನ್ನ ತಿಳಕೊಂಡು ತಗೊಳ್ಳೂದಿದ್ರ ತಗೊಳ್ರಿ.’ ಬೆಳಕಿಂಡಿ ಮುಚ್ಚಿತ್ತು ಎಂದಷ್ಟೇ ಹೇಳುತ್ತೇನೆ. ಯಾರು ಮುಚ್ಚಿದರೆಂದು ಯಾರಿಗೂ ಹೇಳಿಲ್ಲ. ಮಗಳಿಗೆ ಗಾಳಿ ತಾಗಬಾರದೆಂದು ನೀವು ರಟ್ಟು ಬಡಿಯುವಾಗ ನಾನು ಸ್ಟೂಲು ಹಿಡಿದು ನಿಂತಿದ್ದೆ. ನೀವು ಒಬ್ಬರೇ ಅದನ್ನು ಹೊತ್ತುಕೊಂಡು ಹೋಗಿ ಅಲ್ಲಿ ಕೂತಿದ್ದೀರಿ.

ಹೇಳಿದ ಮೇಲೆ ಜನರ ಮುಖ ಹೇಗಾಗುತ್ತಿತ್ತು ಎಂದು ಬರೆಯಲಾರೆ. ಕೆಲವರು ವಿಚಾರ ಮಾಡಿ ಹೇಳುತ್ತೇವೆ ಎಂದು ಎದ್ದು ಹೋದರು, ಹೇಳಲಿಲ್ಲ. ಒಬ್ಬಾಕೆ ನೀರು ಕೇಳಿದ್ದಳು, ತಂದುಕೊಟ್ಟರೆ ತಂಬಿಗೆಯನ್ನು ಹಾಗೇ ಕೆಳಗಿಟ್ಟಳು. ಒಬ್ಬ ಡಾಕ್ಟರು ಹೆಂಡತಿಯೊಡನೆ ಬಂದಿದ್ದರು. ಡಾಕ್ಟರಿಗಾದರೂ ತಿಳಿದೀತು ಎಂದುಕೊಂಡೆ. ಅವರು ಗಡಿಯಾರ ನೋಡಿಕೊಂಡು ಗಾಡಿಯ ಕಡೆ ನಡೆದರು. ಅವರ ಹೆಂಡತಿ ಮಾತ್ರ ಗೇಟಿನ ಹತ್ತಿರ ನನ್ನ ಕೈ ಹಿಡಿದು, ಬಹಳ ಮರುಕದಿಂದ, ‘ಓಣ್ಯಾಗ ಬ್ಯಾರೆನ ಹೇಳ್ತಾರಲ್ರಿ. ಲಗ್ನದ ಮಾತಿಗೆ ಹುಡುಗಿ ಜೀವಾ ತಗೊಂಡ್ಲು ಅಂತ. ನಮಗ ಖರೇ ಹೇಳಿದ್ರೂ ನಡೀತದ’ ಎಂದಳು. ಅವರು ಹೋದ ಮೇಲೆ ಅಲ್ಲಿಯೇ ಗೇಟಿನ ಕಂಬ ಹಿಡಿದುಕೊಂಡು ನಿಂತಿದ್ದೆನಂತೆ, ಉಜ್ವಲಾ ಬಂದು ಒಳಗೆ ಕರೆದೊಯ್ದಳು. ನಮ್ಮ ಓಣಿಯಲ್ಲಿ ಇಷ್ಟು ದಿನ ಹಾಗೆ ಆಡಿಕೊಂಡಿದ್ದಾರೆ ಎಂದು ನಿಮಗೆ ಗೊತ್ತಿತ್ತೇ? ಗೊತ್ತಿದ್ದೇ ನೀವು ಹೊರಟಿರೇ? ಉಜ್ವಲಾಗೆ ಗೊತ್ತಿತ್ತು. ನನ್ನಿಂದ ಮುಚ್ಚಿಟ್ಟಿದ್ದಳು. ಆ ದಿನದಿಂದ ನಾನು ಮನೆ ಮಾರುವುದಕ್ಕೆ ಜನರನ್ನು ಕರೆಯುತ್ತಿದ್ದೆನೋ, ಮಗಳು ಹೇಗೆ ಹೋದಳೆಂದು ನಂಬಿಸುವುದಕ್ಕೆ ಕರೆಯುತ್ತಿದ್ದೆನೋ, ನನಗೇ ತಿಳಿಯದಂತಾಯಿತು. ಹೆಚ್ಚು ಹೇಳಿದಷ್ಟೂ ಜನ ಕಡಿಮೆ ನಂಬಿದರು.

ಅಷ್ಟರಲ್ಲಿ ಹನ್ನೂರಿನ ಕಡೆಯವರು ಒಬ್ಬರು ಮನೆಮಂದಿಯೊಡನೆ ಬಂದರು. ಭೀಮಣ್ಣ ಎಂದು ಯಜಮಾನರ ಹೆಸರು, ಕುರಿ ಸಾಕಿದ ಮನೆತನ. ಅವರ ಮಗ ಅಮೋಲ್ ಇಲ್ಲಿ ಚಾದರ ಕಾರಖಾನೆಯಲ್ಲಿ ಸುಪರವೈಜರ್, ಹೆಂಡತಿ ಶೀತಲಳ ಜೊತೆ ಬಾಡಿಗೆಗೆ ಇದ್ದಾನೆ. ಟೆಂಪೋದಲ್ಲಿ ಹೋಗುವಾಗ ಭೀಮಣ್ಣ ನನ್ನ ಪಾಟಿ ಓದಿದರಂತೆ. ‘ಕನ್ನಡದಾಗ ಬರದದ್ದು ಕಂಡು ಗಾಡಿ ನಿಂದರಸಿದ್ನಿರಿ ಅಕ್ಕಾರ’ ಎಂದರು. ಭೀಮಣ್ಣನ ಹೆಂಡತಿ ಸೋಮವ್ವ ಮನೆಯೊಳಗೆ ಬಂದವಳೇ ಅಡಿಗೆಮನೆಯ ಕಿಟಕಿಯಿಂದ ಹಿತ್ತಲ ನೋಡಿ, ಇಲ್ಲಿ ತುಳಸಿ ಇಡಬಹುದು, ಇಲ್ಲಿ ಕೂಸಿನ ಅರಿವೆ ಒಣಹಾಕಬಹುದು ಎಂದು ಸೊಸೆಗೆ ತೋರಿಸತೊಡಗಿದಳು. ಶೀತಲ ಹೊಟ್ಟೆಯಿಂದಿದ್ದಾಳೆ, ಆರೇಳು ತಿಂಗಳಿರಬೇಕು. ಅವಳು ಶ್ರೀಯ ಕೋಣೆಯಲ್ಲಿ ನಿಂತು ಎರಡೂ ಕಿಟಕಿ ತೆಗೆದಳು. ಬಹಳ ದಿನದಿಂದ ಯಾರೂ ಆ ಕಿಟಕಿ ತೆಗೆದಿರಲಿಲ್ಲ. ಖರೇ ಹೇಳುತ್ತೇನೆ, ಅವತ್ತು ನನಗೆ ಬಾಯಿ ತೆಗೆಯುವ ಮನಸ್ಸಾಗಲಿಲ್ಲ. ಏಜಂಟ ಹೇಳಿದ್ದು ಸರಿಯಿತ್ತು, ಸುಮ್ಮನಿದ್ದರೆ ಈ ಮನೆಯಲ್ಲಿ ಒಂದು ಕೂಸು ಆಡುತ್ತದೆ ಎಂದು ಅನಿಸಿತು. ಚಹಾ ಮಾಡಿ ಕೊಟ್ಟೆ. ಅವರು ಕುಡಿದು ಮುಗಿಸುವ ತನಕ ತಡೆದೆ. ಆಮೇಲೆ ಹೇಳಿದೆ.

ಅಮೋಲ್ ತಲೆ ತಗ್ಗಿಸಿದ. ಸೋಮವ್ವ ಎದ್ದು ನನ್ನ ಹತ್ತಿರ ಬಂದು ಕೂತು, ‘ಹೆಸರ ಏನಿತ್ತವ್ವಾ’ ಎಂದು ಕೇಳಿದಳು. ಅಲ್ಲಿಯವರೆಗೆ ಬಂದವರಲ್ಲಿ ಒಬ್ಬರೂ ಹೆಸರು ಕೇಳಿರಲಿಲ್ಲ. ಶ್ರೀಲೇಖಾ ಎಂದೆ. ಅವಳಿಗೆ ಅದು ಸರಿಯಾಗಿ ನುಡಿಯಲು ಬರಲಿಲ್ಲ, ಎರಡು ಸಲ ಹೇಳಿ ನೋಡಿದಳು. ಆಮೇಲೆ, ‘ಬೀರೋಬಾನ ಆಣಿ ಮಾಡಿ ಹೇಳ್ತೀನವ್ವಾ, ನಿನ್ನ ಮಗಳ ಮ್ಯಾಲ ನನಗ ಒಂದೀಟೂ ಕೆಟ್ಟ ಭಾವನಾ ಇಲ್ಲ. ಆದ್ರ ಸೊಸಿ ಹೊಟ್ಟೀಲೆ ಅದಾಳ. ನಾಳೆ ಏನರೆ ಹೆಚ್ಚು ಕಡಿಮಿ ಆದ್ರ ಮಂದಿ ನನಗ ಬಿಟ್ಟಾರೇನು. ನಿನ್ನ ಮನಿ ನನಗ ಮನಸಿಗೆ ಬಂದದ, ಆದ್ರ ನಾ ಹ್ಯಾಂಗ ತರಲಿ ಆಕೀನ ಇಲ್ಲಿ’ ಎಂದಳು. ನಾನು ಅವಳ ಜಾಗದಲ್ಲಿದ್ದರೆ ನಾನೂ ತರುತ್ತಿರಲಿಲ್ಲ, ಅದನ್ನೇ ಅವಳಿಗೆ ಹೇಳಿದೆ. ಹೋಗುವಾಗ ಭೀಮಣ್ಣ ಅಂಗಳದಲ್ಲಿ ನಿಂತು ಮನೆಯನ್ನು ಒಮ್ಮೆ ಪೂರ್ತಿ ನೋಡಿ ಕೈ ಮುಗಿದರು.

ಎರಡು ದಿನ ಬಿಟ್ಟು ಶೀತಲ ಫೋನು ಮಾಡಿದಳು. ಅವರ ಬಾಡಿಗೆ ಮನೆಯಲ್ಲಿಯೂ ಬಚ್ಚಲೊಳಗೆ ಗ್ಯಾಸ್ ಗೀಜರ್ ಇತ್ತಂತೆ. ‘ಮಾವಶಿ, ತಗಸಿ ಹೊರಗ ಹಾಕೀವ್ರಿ. ಮೊನ್ನೆ ಒಮ್ಮೆ ನನಗ ಚಕ್ಕರ ಬಂದಿತ್ತು, ಹೊಟ್ಟೀಲೆ ಇದ್ದದ್ದಕ್ಕ ಬಂತು ಅಂದಕೊಂಡಿದ್ದೆವ್ರಿ. ನೀವು ಹೇಳದಿದ್ರ’ ಎಂದು ಅಷ್ಟಕ್ಕೇ ನಿಲ್ಲಿಸಿದಳು. ನಾನು ಒಳ್ಳೇದಾತು ತಾಯಿ, ಕಿಂಡಿ ತೆರೆದಿಡು ಎಂದು ಫೋನು ಇಟ್ಟೆ. ನನಗೆ ಸಂತೋಷವಾಗಬೇಕಿತ್ತು. ಉಜ್ವಲಾ ಕಣ್ಣೀರು ಹಾಕಿದಳು, ನಿಮ್ಮ ಶ್ರೀ ಎರಡು ಜೀವ ಉಳಿಸಿದಳು ಎಂದಳು. ನನಗೆ ಮಾತ್ರ ಅವರ ಮೇಲೆ ಹೊಟ್ಟೆಕಿಚ್ಚಾಯಿತು. ನಮಗೆ ಯಾರೂ ಬಂದು ಹೇಳಲಿಲ್ಲವಲ್ಲ. ಯಾವ ಮನೆಯ ಯಾವ ತಾಯಿಯೂ ನಮಗೆ ಮೊದಲೇ ಹೇಳಲಿಲ್ಲವಲ್ಲ. ಅವತ್ತು ಒಲೆ ಹಚ್ಚಲಿಲ್ಲ. ಇಂಥ ಕೆಟ್ಟ ಮನಸ್ಸು ನನ್ನದಾಯಿತೇ ಎಂದು ಬೇರೆಯವರಿಗೆ ಹೇಳಲಾರೆ, ನಿಮಗೆ ಹೇಳುತ್ತಿದ್ದೇನೆ.

ಕೊನೆಗೆ ಮನೆ ಕೊಂಡವರು ಕಲ್ಲಣ್ಣ. ನಮ್ಮ ಹಿಂದಿನ ರಸ್ತೆಯ ಮಂಗಲ ಕಾರ್ಯಾಲಯದ ಮಾಲಕರು, ನೀವು ನೋಡಿದ್ದೀರಿ. ಲಗ್ನದ ಬ್ಯಾಂಡು ಸುರುವಾದರೆ ಶ್ರೀ ಕಿವಿಗೆ ಹತ್ತಿ ಇಟ್ಟುಕೊಂಡು ಓದುತ್ತಿದ್ದಳಲ್ಲ, ಅದೇ ಕಾರ್ಯಾಲಯ. ಬಂದು ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. ಕೋಣೆ ತೋರಿಸುತ್ತೇನೆ ಎಂದೆ. ಬೇಡವೆಂದರು. ಬಚ್ಚಲದ ಮಾತು ಎತ್ತಿದೆ. ‘ಅಕ್ಕಾರ, ಒಳಗ ಏನಾಗ್ಯಾದ ಅನ್ನೂದು ನನಗ ಹೇಳಬ್ಯಾಡ್ರಿ, ನಿಮಗೂ ತ್ರಾಸ. ನನಗ ಮನಿ ಬ್ಯಾಡ್ರಿ, ಜಾಗಾ ಬೇಕು. ಲಗ್ನಕ್ಕ ಬಂದವರ ಗಾಡಿ ನಿಂದರಸಾಕ ಜಾಗಾ ಇಲ್ಲ. ಇದನ್ನ ಇಳಿಸಿ ಸಪಾಟ ಮಾಡ್ತೀನಿ’ ಎಂದರು. ಒರಟು ಮನುಷ್ಯನಲ್ಲ. ಹೇಳುವಾಗ ಕೈ ಮುಗಿದುಕೊಂಡೇ ಹೇಳಿದರು. ಗೊತ್ತಿದ್ದೂ ಬಂದು ಬಾಳುವವರು ಒಬ್ಬರು ಸಿಗಲಿ, ಅವರಿಗೆ ಕೊಡೋಣ ಎಂದು ನಾನು ಇಷ್ಟು ಜನರ ಮುಂದೆ ಬಾಯಿ ಬಿಟ್ಟೆ. ಕೊನೆಗೆ ಸಿಕ್ಕವರು ಕೇಳಲು ಒಲ್ಲದವರು. ಮೂರು ದಿನ ಉತ್ತರ ಕೊಡಲಿಲ್ಲ. ಬೇರೆ ಯಾರ ಫೋನೂ ಬರಲಿಲ್ಲ. ನಾಲ್ಕನೆಯ ದಿನ ಪ್ರಸಾದನನ್ನು ಕರೆಸಿ ಅವರಿಂದ ಇಸಾರದ ಮುಂಗಡ ಹಣ ತೆಗೆದುಕೊಂಡು ಮಾತು ಕೊಟ್ಟೆ. ಬೆಲೆಯ ವಿಷಯ ಪ್ರಸಾದ ಹೇಳುತ್ತಾನೆ, ನನಗೆ ಬರೆಯಲು ಮನಸ್ಸಿಲ್ಲ. ಪಾಟಿಯನ್ನು ಅವರ ಆಳುಗಳೇ ಬಿಚ್ಚಿಕೊಂಡು ಹೋದರು.

ಖರೀದಿ ಖತ ಮುಂದಿನ ಗುರುವಾರ, ಇಪ್ಪತ್ತನೇ ತಾರೀಖು, ಬೆಳಗ್ಗೆ ಹನ್ನೊಂದಕ್ಕೆ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ. ಇಬ್ಬರ ಸಹಿ, ಇಬ್ಬರ ಹೆಬ್ಬೆಟ್ಟು, ಇಬ್ಬರ ಫೋಟೋ ಬೇಕು. ಆಧಾರ್ ಕಾರ್ಡು, ಪ್ಯಾನ್ ಕಾರ್ಡು ತರಬೇಕು. ನಿಮ್ಮ ಆಧಾರ್ ಇಲ್ಲಿಯೇ ಕಪಾಟಿನಲ್ಲಿದೆ, ನಾನು ತರುತ್ತೇನೆ. ಬರಲಾಗದಿದ್ದರೆ ಅಕ್ಕಲಕೋಟೆಯಲ್ಲಿಯೇ ಮುಖತ್ಯಾರ ಪತ್ರ ಮಾಡಿಸಿ ಕಳಿಸಿದರೂ ನಡೆಯುತ್ತದೆ ಎಂದು ಪ್ರಸಾದ ಹೇಳುತ್ತಾನೆ. ಅದು ನನಗೆ ಬೇಡ. ಸಹಿ ನಿಮ್ಮ ಕೈಯಿಂದಲೇ ಆಗಲಿ. ಮನೆಗೆ ಬರಲು ನಿಮ್ಮಿಂದಾಗದು ಎಂದು ನನಗೆ ಗೊತ್ತಿದೆ, ಕಚೇರಿಗೆ ನೇರವಾಗಿ ಬನ್ನಿ. ಒಂದು ದಿನ ಮುಂಚೆ ಬರುವ ಮನಸ್ಸಾದರೆ ಶ್ರೀಯ ಕಪಾಟು ಹಾಗೇ ಇದೆ. ಅದರ ಬಾಗಿಲಿಗೆ ಎಷ್ಟೋ ಸಲ ಕೈ ಇಟ್ಟಿದ್ದೇನೆ. ನಾನೊಬ್ಬಳೇ ತೆಗೆಯಲಾರೆ. ನೀವು ಬರದಿದ್ದರೆ ಅದನ್ನು ಮುಚ್ಚಿದ ಹಾಗೇ ಹೊರಿಸುತ್ತೇನೆ. ತಿಂಗಳ ಕೊನೆಗೆ ಬೀಗದ ಕೈ ಕೊಡಬೇಕು. ಏಪ್ರಿಲ್ ಸುರುವಿಗೆ ಜೆ.ಸಿ.ಬಿ. ತರುತ್ತಾರಂತೆ. ಲಗ್ನದ ಸೀಜನ್ ಬಂತು, ಅವರಿಗೂ ಅವಸರ.

ಗುರುಸಿದ್ಧಪ್ಪನವರ ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಅವರ ಮೊಮ್ಮಗಳ ಕೆಮ್ಮು ಕಡಿಮೆಯಾಯಿತೇ? ಉಜ್ವಲಾ ನಿಮ್ಮನ್ನು ಕೇಳುತ್ತಾಳೆ. ಪ್ರಸಾದ ಪಾದಗಳಿಗೆ ನಮಸ್ಕಾರ ಹೇಳಿದ್ದಾನೆ. ಬಿಸಿಲು ಏರುತ್ತಿದೆ, ಮಧ್ಯಾಹ್ನ ತಲೆಗೆ ವಸ್ತ್ರ ಇಲ್ಲದೆ ಹೊರಗೆ ಹೋಗಬೇಡಿ. ಸ್ವಾಮಿಗಳ ಮುಂದೆ ನಿಂತಾಗ ಮಗಳ ಹೆಸರು ಒಮ್ಮೆ ಹೇಳಿ.

ನಿಮ್ಮ,
ಮಂದಾಕಿನಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮನೆ ಕೊಟ್ಟ ಮೇಲೆ ಎಲ್ಲಿಗೆ ಹೋಗುತ್ತೀರಿ ಎಂದು ಎಲ್ಲರೂ ಕೇಳಿದರು. ಕಲ್ಲಣ್ಣ ಕೇಳಿದರು, ಉಜ್ವಲಾ ಕೇಳಿದಳು, ಪ್ರಸಾದ ತನ್ನ ಮನೆಗೆ ಬಾ ಎಂದ. ನಾನು ಎಲ್ಲರಿಗೂ ಅಕ್ಕಲಕೋಟೆಗೆ ಹೋಗುತ್ತೇನೆ, ಅವರು ಅಲ್ಲಿ ಜಾಗ ನೋಡಿಟ್ಟಿದ್ದಾರೆ ಎಂದು ಹೇಳಿದ್ದೇನೆ. ಬಾಡಿಗೆಗೆ ಒಂದು ಕೋಣೆಯನ್ನೂ ನಾನು ನೋಡಿಲ್ಲ. ಹೋದ ವರ್ಷದಿಂದ ನೀವು ಒಮ್ಮೆಯೂ ಬಾ ಎಂದಿಲ್ಲ. ತಿಂಗಳ ಕೊನೆಗೆ ಸಾಮಾನು ಒಯ್ಯುವ ಟೆಂಪೋದವನು ಬಾಡಿಗೆ ಗೊತ್ತುಮಾಡಲು ನಾಡಿದ್ದು ಬರುತ್ತಾನೆ. ಅವನಿಗೆ ಯಾವ ಊರು ಹೇಳಲಿ? ಗುರುಸಿದ್ಧಪ್ಪನವರ ಫೋನಿನಿಂದಾದರೂ ಒಂದು ಮಾತು ಹೇಳಿ.